ಕೆಲಸಕ್ಕೊಂದು ಹೆಸರು, ಬರಹಕ್ಕೊಂದು ಹೆಸರು: ಕಾವ್ಯನಾಮ ಇಟ್ಟುಕೊಳ್ಳುವ ಮುಂಚೆ

"ನಾನು ಬ್ಯಾಂಕಲ್ಲಿ ಕೆಲಸ ಮಾಡ್ತೀನಿ. ಕಥೆ ಬರೀತೀನಿ. ಆಫೀಸಲ್ಲಿ ಗೊತ್ತಾಗಬಾರದು. ಬೇರೆ ಹೆಸರಲ್ಲಿ ಹಾಕಬಹುದಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಬ್ಯಾಂಕಿನ ಜಾಗದಲ್ಲಿ ಒಮ್ಮೆ ಶಾಲೆ ಇರುತ್ತದೆ, ಒಮ್ಮೆ ಐಟಿ ಕಂಪನಿ, ಒಮ್ಮೆ ಅತ್ತೆ ಮನೆ. ಪ್ರಶ್ನೆ ಮಾತ್ರ ಅದೇ.

ಹಾಕಬಹುದು. ಅದಕ್ಕೆ ಅಫಿಡವಿಟ್ ಬೇಡ, ಗೆಜೆಟ್ ಪ್ರಕಟಣೆ ಬೇಡ. ಅವೆಲ್ಲ ಹೆಸರನ್ನೇ ಬದಲಾಯಿಸುವವರಿಗೆ. ಕಾವ್ಯನಾಮ ಅಂದರೆ ಬರಹದ ಕೆಳಗೆ ಹಾಕುವ ಹೆಸರು, ಅಷ್ಟೇ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಎಲ್ಲ ಇದ್ದ ಹಾಗೇ ಇರುತ್ತವೆ. ಆದರೆ ಹೆಸರು ಹುಡುಕುವುದರಲ್ಲೇ ಎರಡು ತಿಂಗಳು ಕಳೆದು, ಉಳಿದದ್ದನ್ನು ಯೋಚಿಸದೆ ಶುರು ಮಾಡುವವರು ಜಾಸ್ತಿ. ನಾನೂ ಹಾಗೇ ಮಾಡಿದೆ. ಕೆಳಗಿನ ಕ್ರಮ ನಾನು ಎಡವಿದ ಕ್ರಮವೂ ಹೌದು.

1. ಯಾರಿಗೆ ಗೊತ್ತಾಗಬಾರದು ಅಂತ ಮೊದಲು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಹೆಸರುಗಳನ್ನು ಬರೆಯಿರಿ. "ಯಾರಿಗೂ" ಅಂತ ಬರೆಯಬೇಡಿ, ಅದು ಉತ್ತರವಲ್ಲ. ಸಂಪಾದಕರಿಗೆ ಗೊತ್ತಿರಲೇಬೇಕು. ದುಡ್ಡು ಬಂದರೆ ಆದಾಯ ತೆರಿಗೆ ಇಲಾಖೆಗೂ ಗೊತ್ತಿರುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರುವುದು ಒಳ್ಳೆಯದು. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ನಮ್ಮಲ್ಲಿ ಕಾವ್ಯನಾಮ ಇಟ್ಟುಕೊಂಡ ಬಹಳ ಜನ ಅಡಗಿ ಕೂತವರಲ್ಲ. ಬೇಂದ್ರೆಯವರು ಅಂಬಿಕಾತನಯದತ್ತ ಅಂತ ಬರೆದದ್ದು ತಾಯಿಯ ಹೆಸರನ್ನು ಜೊತೆಗೆ ಇಟ್ಟುಕೊಳ್ಳಲು. ಮಾಸ್ತಿಯವರು ಮೈಸೂರು ಸರ್ಕಾರದ ದೊಡ್ಡ ಹುದ್ದೆಯಲ್ಲಿದ್ದುಕೊಂಡೇ 'ಶ್ರೀನಿವಾಸ' ಎಂದು ಬರೆದರು. ಐಎಎಸ್ ಅಧಿಕಾರಿಯಾಗಿದ್ದ ಸಿದ್ಧಯ್ಯ ಪುರಾಣಿಕರು 'ಕಾವ್ಯಾನಂದ'. ಇವರು ಯಾರು ಅಂತ ಓದುವವರಿಗೆಲ್ಲ ಗೊತ್ತಿತ್ತು. ನಿಮಗೆ ಬೇಕಾಗಿರುವುದೂ ಇಷ್ಟೇ ಇರಬಹುದು: ಆಫೀಸಿನ ಹೆಸರು ಮತ್ತು ಬರಹದ ಹೆಸರು ಬೆರೆಯದಿದ್ದರೆ ಸಾಕು. ಹಾಗಿದ್ದರೆ ಮೂರನೇ ಹಂತ, ಐದನೇ ಹಂತ ಮಾಡಿ, ನಾಲ್ಕನೆಯದನ್ನು ಸುಮ್ನೆ ಓದಿ ಬಿಡಿ.

ನಿಜವಾಗಿಯೂ ಗುಟ್ಟಾಗಿ ಇರಬೇಕು ಅಂದರೆ ಅದು ಬೇರೆ ಕೆಲಸ. ಅದನ್ನು ನಾನು 'ಗುಪ್ತನಾಮ' ಅನ್ನುತ್ತೇನೆ. ಮುಂದಿನ ಹಂತಗಳು ಒಂದೂ ಬಿಡದಂತೆ ನಿಮಗೇ.

2. ನಿಮ್ಮ ಕೆಲಸದ ನಿಯಮ ಓದಿ

ಇದನ್ನು ಯಾರೂ ಮಾಡುವುದಿಲ್ಲ. ಓದಿದರೆ ಎಲ್ಲಿ "ಬೇಡ" ಅಂತ ಇರುತ್ತದೋ ಅಂತ ಭಯ.

ಕೇಂದ್ರ ಸರ್ಕಾರಿ ನೌಕರರಾದರೆ 1964ರ ನಡತೆ ನಿಯಮಗಳನ್ನು ನೋಡಿ. 15ನೇ ನಿಯಮದ ಪ್ರಕಾರ ಸಾಹಿತ್ಯ, ಕಲೆ, ವಿಜ್ಞಾನದ ಬಿಡಿ ಕೆಲಸವನ್ನು ಮುಂಚೆ ಅನುಮತಿ ತೆಗೆದುಕೊಳ್ಳದೆ ಮಾಡಬಹುದು. ಅದರಿಂದ ಕರ್ತವ್ಯಕ್ಕೆ ತೊಂದರೆ ಆಗಬಾರದು. ಆದರೆ 9ನೇ ನಿಯಮ ಓದದೆ ಮುಂದೆ ಹೋಗಬೇಡಿ. ಸರ್ಕಾರದ ನೀತಿಯನ್ನು ಟೀಕಿಸಿ ಬರೆಯಬಾರದು ಎನ್ನುವ ಆ ನಿಯಮ ಸ್ವಂತ ಹೆಸರು, ಹೆಸರಿಲ್ಲದ ಬರಹ, ಕಾವ್ಯನಾಮ, ಇನ್ನೊಬ್ಬರ ಹೆಸರು ನಾಲ್ಕನ್ನೂ ಎಣಿಸಿ ಹೇಳುತ್ತದೆ. "ಬೇರೆ ಹೆಸರಲ್ಲಿ ಬರೆದೆ, ಅದು ನಾನಲ್ಲ" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ರಾಜ್ಯ ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳಿವೆ. ಕೇಂದ್ರದ ನಿಯಮವನ್ನು ಓದಿ ಇದೂ ಹಾಗೇ ಇರುತ್ತೆ ಅಂದುಕೊಳ್ಳಬೇಡಿ. ನಿಮಗೆ ಅನ್ವಯಿಸುವ ಪ್ರತಿಯನ್ನೇ ತರಿಸಿ ಓದಿ.

ಖಾಸಗಿ ಕಂಪನಿಯಾದರೆ ನೇಮಕಾತಿ ಪತ್ರ ಹೊರಗೆ ತೆಗೆಯಿರಿ. ಮೂರು ಕಡೆ ಗುರುತು ಹಾಕಿ: ಬೇರೆ ಸಂಪಾದನೆಯ ಬಗ್ಗೆ ಏನಿದೆ, ಕಂಪನಿಯ ಗುಟ್ಟಿನ ಬಗ್ಗೆ ಏನಿದೆ, ನೀವು ಸೃಷ್ಟಿಸಿದ್ದು ಯಾರಿಗೆ ಸೇರುತ್ತದೆ ಅಂತ ಏನಿದೆ. ಮೂರನೆಯದು ಜನರ ಕಣ್ಣಿಗೆ ಬೀಳುವುದೇ ಇಲ್ಲ. ಕಂಪನಿಯ ಲ್ಯಾಪ್‌ಟಾಪಿನಲ್ಲಿ, ಕಂಪನಿಯ ಸಮಯದಲ್ಲಿ ಕಾದಂಬರಿ ಬರೆದು ಆಮೇಲೆ ತಕರಾರು ಎಳೆದುಕೊಳ್ಳಬೇಡಿ. ಊಟದ ಬಿಡುವಿನಲ್ಲಿ ಬರೆಯಬೇಕೆನಿಸಿದರೆ ನೋಟ್‌ಬುಕ್ಕು, ಪೆನ್ನು ಇವೆಯಲ್ಲ.

ಅನುಮತಿ ಕೇಳುವುದಾದರೆ ಕಾವ್ಯನಾಮ ಹೇಳಬೇಕಾಗಿಲ್ಲ. "ಬಿಡುವಿನ ವೇಳೆಯಲ್ಲಿ ಕನ್ನಡದಲ್ಲಿ ಕಥೆ ಬರೆಯುತ್ತೇನೆ. ಕಂಪನಿಗೆ ಸಂಬಂಧಿಸಿದ ವಿಷಯ ಅದರಲ್ಲಿ ಇರುವುದಿಲ್ಲ. ಅಲ್ಪ ಸಂಭಾವನೆ ಬರಬಹುದು. ಆಕ್ಷೇಪಣೆ ಇದೆಯೇ ತಿಳಿಸಿ" ಎಂದು ಇಮೇಲ್ ಕಳಿಸಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ "ಬರೀರಿ ಬರೀರಿ" ಅಂದ ಮ್ಯಾನೇಜರ್ ಮುಂದಿನ ವರ್ಷ ಆ ಸೀಟಿನಲ್ಲಿ ಇರುವುದಿಲ್ಲ.

3. ಹೆಸರು ಆರಿಸಿ

ಮೂರು ಹೆಸರು ಬರೆದುಕೊಂಡು ಒಂದೊಂದನ್ನೂ ಹುಡುಕಿ ನೋಡಿ. ಕನ್ನಡ ಲಿಪಿಯಲ್ಲೂ ಹುಡುಕಿ, ಇಂಗ್ಲಿಷ್ ಅಕ್ಷರಗಳಲ್ಲೂ ಹುಡುಕಿ. ಈಗಾಗಲೇ ಬರೆಯುತ್ತಿರುವವರ ಹೆಸರಿಗೆ ಹತ್ತಿರವಿದ್ದರೆ ಬಿಟ್ಟುಬಿಡಿ. ಜೋರಾಗಿ ಹೇಳಿ ನೋಡಿ. ಫೋನಿನಲ್ಲಿ ಒಂದೇ ಸಲಕ್ಕೆ ಎದುರಿನವರಿಗೆ ಕೇಳಿಸಬೇಕು. ನಾನು ಮೊದಲು ಇಟ್ಟುಕೊಂಡ ಹೆಸರಿನಲ್ಲಿ ಒಂದು ಮಹಾಪ್ರಾಣ, ಒಂದು ಒತ್ತಕ್ಷರ ಇದ್ದವು. ಅಚ್ಚಾದ ಮೂರು ಸಲವೂ ಮೂರು ಬಗೆಯ ಕಾಗುಣಿತದಲ್ಲಿ ಬಂತು!

ಗುಟ್ಟಾಗಿ ಇರಬೇಕಾದವರು ಮಗಳ ಹೆಸರು, ಹುಟ್ಟೂರು, ಇನಿಷಿಯಲ್ಲು ಇವನ್ನು ಸೇರಿಸಬೇಡಿ. ಸಹೋದ್ಯೋಗಿಗಳು ಮೊದಲು ಊಹಿಸುವುದೇ ಅವನ್ನು.

ಇನ್ನೊಂದು ಮಾತು. ಹೆಸರು ಬೇರೆ ಇರಲಿ, ಬದುಕು ಬೇರೆ ಮಾಡಿಕೊಳ್ಳಬೇಡಿ. ಲೇಖಕರ ಪರಿಚಯದಲ್ಲಿ ಇಲ್ಲದ ಜಾತಿ, ಇಲ್ಲದ ಡಾಕ್ಟರೇಟು, ಅನುಭವಿಸದ ಕಷ್ಟ ಬರೆದುಕೊಂಡರೆ ಅದು ಕಾವ್ಯನಾಮ ಅಲ್ಲ, ಮೋಸ. "ಲೇಖಕರು ದಕ್ಷಿಣ ಕರ್ನಾಟಕದವರು, ಉದ್ಯೋಗದಲ್ಲಿದ್ದಾರೆ" ಅನ್ನುವಷ್ಟು ನಿಜ ಸಾಕು.

4. ಖಾತೆಗಳನ್ನು ಬೇರೆ ಮಾಡಿ

ಗುಟ್ಟು ಹೆಚ್ಚಾಗಿ ಸೋರುವುದು ಇಲ್ಲಿ. ನಿಧಾನವಾಗಿ ಮಾಡಿ, ಒಂದು ಭಾನುವಾರ ಪೂರ್ತಿ ಇಟ್ಟುಕೊಳ್ಳಿ.

ಮೊದಲು ಇಮೇಲ್. ಹೊಸ ಇಮೇಲ್ ಖಾತೆ ತೆರೆಯುವಾಗ ಹೆಸರು ಕೇಳುವ ಜಾಗದಲ್ಲೇ ಕಾವ್ಯನಾಮ ಕೊಡಿ. ಕಂಪ್ಯೂಟರಿನಲ್ಲಿ ಇದಕ್ಕೆಂದೇ ಬೇರೆ ಬ್ರೌಸರ್ ಪ್ರೊಫೈಲ್ ಮಾಡಿ. ಇಲ್ಲದಿದ್ದರೆ ಒಂದು ದಿನ ಕಣ್ತಪ್ಪಿನಿಂದ ಸಂಪಾದಕರಿಗೆ ಆಫೀಸ್ ಸಹಿ ಇರುವ ಇಮೇಲ್ ಹೋಗಿರುತ್ತದೆ.

ಫೋನ್ ನಂಬರ್ ಅದಕ್ಕಿಂತ ಕಷ್ಟ. ಸಾಮಾಜಿಕ ಜಾಲತಾಣಗಳಿಗೆ ನಿಮ್ಮ ಖಾಸಗಿ ನಂಬರ್ ಕೊಟ್ಟು, ಸಂಪರ್ಕ ಪಟ್ಟಿ ನೋಡಲು ಅನುಮತಿಯನ್ನೂ ಕೊಟ್ಟರೆ, ನಿಮ್ಮ ಕಾವ್ಯನಾಮದ ಖಾತೆ ಪಕ್ಕದ ಟೇಬಲಿನವರಿಗೆ "ಇವರು ನಿಮಗೆ ಗೊತ್ತಿರಬಹುದು" ಅಂತ ಕಾಣಿಸಿಕೊಳ್ಳಬಹುದು. ಸಂಪರ್ಕ ಪಟ್ಟಿಯ ಅನುಮತಿ ಕೊಡಬೇಡಿ. ನಂಬರಿನ ಮೂಲಕ ಖಾತೆ ಹುಡುಕುವ ಆಯ್ಕೆ ಇದ್ದರೆ ಮುಚ್ಚಿಡಿ. ವಾಟ್ಸ್ಆ್ಯಪ್‌ನಲ್ಲಿ ಕಥೆ ಕಳಿಸಿದರೆ ನಂಬರ್ ಹೋಗಿಯೇ ಹೋಗುತ್ತದೆ. ಆ ನಂಬರನ್ನು ಟ್ರೂಕಾಲರ್‌ನಲ್ಲಿ ಹಾಕಿ ನೋಡುವವರಿಗೆ ನಿಮ್ಮ ಹೆಸರು, ಒಮ್ಮೊಮ್ಮೆ ಆಫೀಸಿನ ಹೆಸರೂ ಸಿಗುತ್ತದೆ.

ಈಗ ಫೈಲು. ವರ್ಡ್ ಫೈಲಿನ ಒಳಗೆ 'ಆಥರ್' ಅಂತ ಒಂದು ಜಾಗ ಇರುತ್ತದೆ. ಕಂಪ್ಯೂಟರಿಗೆ ಹಾಕಿದ ಹೆಸರು ಅದರಲ್ಲಿ ತಾನಾಗಿಯೇ ಕೂತಿರುತ್ತದೆ. ಕಳಿಸುವ ಮುಂಚೆ ಫೈಲ್, ಇನ್ಫೋ, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂಬಲ್ಲಿ ಹೋಗಿ ಆ ವಿವರ ಅಳಿಸಿ. ನುಡಿಯಲ್ಲಿ ಟೈಪ್ ಮಾಡಿದ್ದಾದರೂ, ಯುನಿಕೋಡ್ ಆದರೂ ಇದು ಬದಲಾಗುವುದಿಲ್ಲ. ಗೂಗಲ್ ಡಾಕ್ಸ್ ಲಿಂಕ್ ಕಳಿಸುವುದಾದರೆ ಅದು ಯಾವ ಖಾತೆಯಲ್ಲಿ ತೆರೆದ ಫೈಲು ಅಂತ ನೋಡಿಕೊಳ್ಳಿ. ಫೋಟೋ ಹಾಕುವಾಗ ತೆಗೆದ ಜಾಗದ ವಿವರ ಅದರೊಳಗೆ ಉಳಿದಿರಬಹುದು. ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕುವುದು ಸುಲಭದ ಉಪಾಯ.

ಯುಪಿಐ ವಿಷಯದಲ್ಲಿ ನಾನು ಬಿದ್ದದ್ದು ಹೀಗೆ. ಪುಸ್ತಕ ನೇರವಾಗಿ ಮಾರೋಣ ಅಂತ ಕ್ಯೂಆರ್ ಕೋಡ್ ಹಾಕಿದೆ. ಮೊದಲ ಓದುಗರು ದುಡ್ಡು ಕಳಿಸಿ, ಸ್ಕ್ರೀನ್‌ಶಾಟ್ ಜೊತೆಗೆ ನನ್ನ ಪೂರ್ತಿ ಹೆಸರಿಗೆ "ಅವರೇ" ಸೇರಿಸಿ ಸಂದೇಶ ಹಾಕಿದರು. ದುಡ್ಡು ಕಳಿಸುವವರಿಗೆ ಬ್ಯಾಂಕಿನಲ್ಲಿರುವ ಹೆಸರು ಕಾಣಿಸುತ್ತದೆ, ಅದನ್ನು ನೀವು ಮುಚ್ಚಲಾಗದು. ಆದ್ದರಿಂದ ಮಾರಾಟವನ್ನು ಪ್ರಕಾಶಕರಿಗೋ ಪುಸ್ತಕದ ಅಂಗಡಿಗೋ ಬಿಡಿ. ಅಂಚೆಯಲ್ಲಿ ನೀವೇ ಕಳಿಸಿದರೆ 'ಇಂದ' ವಿಳಾಸ ಬರೆಯಬೇಕಾಗುತ್ತದೆ, ಅದೂ ನೆನಪಿರಲಿ. ಲೇಖಕರ ಪ್ರತಿಗಳ ಕಟ್ಟನ್ನು ಆಫೀಸ್ ವಿಳಾಸಕ್ಕೆ ತರಿಸಿಕೊಂಡು ಸಿಕ್ಕಿಬಿದ್ದವರನ್ನೂ ನೋಡಿದ್ದೇನೆ. ಅಟೆಂಡರ್ ಕಟ್ಟು ಬಿಚ್ಚಿ ಎಲ್ಲರಿಗೂ ಒಂದೊಂದು ಹಂಚಿದ್ದ, ಪಾಪ, ಇಲಾಖೆಯಿಂದ ಬಂದ ಡೈರಿ ಇರಬೇಕು ಅಂದುಕೊಂಡು.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ತೂತು ಬಾಯಿ. 2013ರಲ್ಲಿ ಜೆ.ಕೆ. ರೋಲಿಂಗ್ ಅವರು ರಾಬರ್ಟ್ ಗಾಲ್‌ಬ್ರೈತ್ ಎಂಬ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆದಿದ್ದರು. ಗುಟ್ಟು ಒಡೆದದ್ದು ಅವರ ಪರ ಇದ್ದ ವಕೀಲರ ಸಂಸ್ಥೆಯ ಒಬ್ಬರು ತಮ್ಮ ಹೆಂಡತಿಯ ಗೆಳತಿಗೆ ಹೇಳಿದ್ದರಿಂದ. ಆಕೆ ಅದನ್ನು ಟ್ವಿಟರ್‌ನಲ್ಲಿ ಒಬ್ಬ ಪತ್ರಕರ್ತೆಗೆ ಹೇಳಿದರು. ಆಮೇಲೆ ಪತ್ರಿಕೆಯವರು ಕಂಪ್ಯೂಟರಿನಿಂದ ಶೈಲಿಯನ್ನೂ ಹೋಲಿಸಿ ನೋಡಿದರು. ಅಷ್ಟು ದೊಡ್ಡವರ ಗುಟ್ಟೇ ಹಾಗೆ ಹೋಯಿತು. ನೀವು "ನಿನಗೊಬ್ಬನಿಗೇ ಹೇಳ್ತಿದೀನಿ" ಅಂತ ಹೇಳಿದ್ದು ಸಂಜೆಯೊಳಗೆ ಎಲ್ಲಿರುತ್ತದೆ?

5. ಒಪ್ಪಂದ, ದುಡ್ಡು, ಹಕ್ಕು

ಒಪ್ಪಂದಕ್ಕೆ ನಿಜ ಹೆಸರಿನಲ್ಲೇ ಸಹಿ ಹಾಕಿ. "ಇಂಥವರು, ಕಾವ್ಯನಾಮ ಇಂಥದ್ದು" ಎಂದು ಎರಡೂ ಅದರಲ್ಲಿ ಇರಲಿ. ಜೊತೆಗೆ ಒಂದು ಸಾಲು ಸೇರಿಸಲು ಕೇಳಿ: "ಲೇಖಕರ ಲಿಖಿತ ಒಪ್ಪಿಗೆ ಇಲ್ಲದೆ ಅವರ ನಿಜ ಹೆಸರು, ವಿಳಾಸ, ಭಾವಚಿತ್ರವನ್ನು ಪ್ರಕಾಶಕರು ಬಹಿರಂಗಪಡಿಸತಕ್ಕದ್ದಲ್ಲ." ಕನ್ನಡದ ಎಷ್ಟೋ ಸಣ್ಣ ಪ್ರಕಾಶನಗಳಲ್ಲಿ ಒಪ್ಪಂದವೇ ಇರುವುದಿಲ್ಲ. ಆಗ ಇಮೇಲಿನಲ್ಲಾದರೂ ಇದನ್ನು ಬರೆಸಿಕೊಳ್ಳಿ.

ಸಂಭಾವನೆ ನಿಮ್ಮ ನಿಜ ಹೆಸರಿನ ಖಾತೆಗೇ ಬರಬೇಕು. ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಮುಂಚಿತವಾಗಿ ಹಿಡಿದು ಕಟ್ಟುವ ತೆರಿಗೆ, ಹಿಡಿದರೆ ಅದು ನಿಮ್ಮ ಪ್ಯಾನ್ ಲೆಕ್ಕದಲ್ಲಿ ಕಾಣುತ್ತದೆ. ರಿಟರ್ನ್ಸ್‌ನಲ್ಲಿ ತೋರಿಸಿ. ತಮ್ಮನ ಖಾತೆಗೆ ಹಾಕಿಸಿಕೊಳ್ಳುವ ಜಾಣತನ ಬೇಡ.

ಹಕ್ಕಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಕೃತಿಸ್ವಾಮ್ಯ ಅಂದರೆ ಬರೆದದ್ದರ ಮೇಲಿನ ಹಕ್ಕು, ಬರೆದ ಕ್ಷಣದಿಂದಲೇ ನಿಮ್ಮದು. ನೋಂದಣಿ ಕಡ್ಡಾಯವಲ್ಲ. ನಿಜ ಹೆಸರಲ್ಲಿ ಬರೆದರೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಅದು ಉಳಿಯುತ್ತದೆ. ಕಾವ್ಯನಾಮದಲ್ಲಿ ಬರೆದು, ಯಾರು ಅಂತ ಗೊತ್ತಾಗದೇ ಉಳಿದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ 60 ವರ್ಷವನ್ನು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಎಣಿಸುತ್ತಾರೆ. ನೀವು 30ನೇ ವಯಸ್ಸಿನಲ್ಲಿ ಪ್ರಕಟಿಸಿ 80ರವರೆಗೆ ಬದುಕಿದಿರಿ ಅನ್ನಿ. ಹೆಸರು ಹೊರಬರದಿದ್ದರೆ ನಿಮ್ಮ ಮಕ್ಕಳಿಗೆ ಉಳಿಯುವುದು ಹತ್ತಿರ ಹತ್ತಿರ 10 ವರ್ಷ. ಆ ಅವಧಿ ಮುಗಿಯುವುದರೊಳಗೆ ಹೆಸರು ಹೊರಬಂದರೆ 60 ವರ್ಷ.

ಅದಕ್ಕೇ ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ ಅಂದದ್ದು. ಕೈಬರಹದ ಕರಡು, ಸಂಪಾದಕರ ಇಮೇಲ್‌ಗಳ ಪ್ರಿಂಟ್, ಒಪ್ಪಂದ, ಯಾವ ಬರಹ ಎಲ್ಲಿ ಯಾವಾಗ ಬಂತು ಎಂಬ ಪಟ್ಟಿ, ಇಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿ ಮನೆ ಪತ್ರ ಇಡುವ ಜಾಗದಲ್ಲಿಡಿ. ನಂದಳಿಕೆಯ ಲಕ್ಷ್ಮೀನಾರಾಯಣ ಎಂಬವರು ಉಡುಪಿಯಲ್ಲಿ ಅಂಗಸಾಧನೆ ಕಲಿಸುವ ಮೇಷ್ಟರಾಗಿದ್ದರು. ತಾವೇ ಬರೆದದ್ದನ್ನು ಹಳೆಯ ಕಾಲದ ಕವಿಯ ಕೃತಿ ಅಂತ ಹೇಳಿ ಅಚ್ಚಿಗೆ ಕಳಿಸಿದರು. 1901ರಲ್ಲಿ, 31ನೇ ವಯಸ್ಸಿಗೆ ತೀರಿಕೊಂಡರು. ಅವರೇ ಮುದ್ದಣ ಅಂತ ಕನ್ನಡ ಲೋಕಕ್ಕೆ ಸರಿಯಾಗಿ ತಿಳಿದದ್ದು ಆಮೇಲೆ.

ಸ್ಪರ್ಧೆಗಳ ಬಗ್ಗೆ ಒಂದು ಮಾತು. ಕಥಾಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕಥೆಯ ಹಾಳೆಯ ಮೇಲೆ ಹೆಸರೇ ಇರಬಾರದು, ಬೇರೆ ಹಾಳೆಯಲ್ಲಿ ವಿವರ ಕೊಡಬೇಕು. ಆ ಬೇರೆ ಹಾಳೆಯಲ್ಲಿ ಎರಡೂ ಹೆಸರು ಬರೆದು, "ಬಹುಮಾನ ಬಂದರೆ ಕಾವ್ಯನಾಮದಲ್ಲೇ ಪ್ರಕಟಿಸಿ" ಎಂದು ಸೇರಿಸಿ. ಗೆದ್ದ ಮೇಲೆ ಕೇಳಿದರೆ ತಡವಾಗಿರುತ್ತದೆ, ಫೋಟೋ ಅಚ್ಚಾಗಿರುತ್ತದೆ.

6. ಬರಹವೇ ನಿಮ್ಮನ್ನು ಹಿಡಿದುಕೊಡದ ಹಾಗೆ

ನನ್ನ ಮೊದಲ ಕಥೆಯಲ್ಲಿ ಒಬ್ಬ ಮೇಲಧಿಕಾರಿ ಬರುತ್ತಾರೆ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ಗಂಡಸನ್ನು ಹೆಂಗಸು ಮಾಡಿದ್ದೆ. ಫೈಲಿಗೆ ಟ್ಯಾಗ್ ಪೋಣಿಸುವಾಗ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳುವ ಅಭ್ಯಾಸ ಮಾತ್ರ ಹಾಗೇ ಬಿಟ್ಟಿದ್ದೆ. ಅದಿಲ್ಲದೆ ಕಥೆ ಸಪ್ಪೆ ಅನ್ನಿಸಿತ್ತು. ವಾರಪತ್ರಿಕೆ ಬಂದ ಮೂರನೇ ದಿನ ಅವರು ಅದನ್ನು ಮಡಚಿ ಹಿಡಿದುಕೊಂಡು ಬಂದು ನನ್ನ ಟೇಬಲಿನ ಮೇಲಿಟ್ಟು ಹೋದರು. ಏನೂ ಅನ್ನಲಿಲ್ಲ. ಅಂದಿನಿಂದ ನನ್ನ ಎದುರಿಗೆ ಒಮ್ಮೆಯೂ ದಾರ ಬಾಯಿಗೆ ಇಡಲಿಲ್ಲ.

ಗುರುತು ಸಿಗುವುದು ಹೆಸರಿನಿಂದಲ್ಲ, ಅಭ್ಯಾಸದಿಂದ. ಆಫೀಸಿನ ಪಾತ್ರ ಬೇಕಿದ್ದರೆ ಮೂವರ ಅಭ್ಯಾಸ ಬೆರೆಸಿ ಒಬ್ಬರನ್ನು ಮಾಡಿ. ನಡೆದ ಘಟನೆ ಬರೆಯುವುದಾದರೆ ಒಂದೆರಡು ವರ್ಷ ಬಿಟ್ಟು ಬರೆಯಿರಿ. ನಿಮಗೆ ಮಾತ್ರ ಗೊತ್ತಿರಬಹುದಾದ ಆಫೀಸ್ ಮಾತನ್ನು ಬರಹದಲ್ಲಿ ತರಲೇಬೇಡಿ.

ಮಾನಹಾನಿಯ ವಿಷಯಕ್ಕೆ ಬಂದರೆ, ಕಾವ್ಯನಾಮ ಕಾನೂನಿನಿಂದ ಕಾಪಾಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಬರೆದವರನ್ನು ನೋಡುತ್ತದೆ, ಬರೆದ ಹೆಸರನ್ನಲ್ಲ. ನ್ಯಾಯಾಲಯ ಕೇಳಿದರೆ ಸಂಪಾದಕರು ಹೇಳಲೇಬೇಕಾಗಬಹುದು, ಜಾಲತಾಣದವರೂ ವಿವರ ಕೊಡಬೇಕಾಗುತ್ತದೆ. ಒಬ್ಬರ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಕಾವ್ಯನಾಮ ಬೇಕು ಅಂತ ಬರುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

7. ತಪ್ಪಿನ ಪುಸ್ತಕ ಇಡಿ

ಕಾವ್ಯನಾಮದ ದೊಡ್ಡ ಅಪಾಯ ಯಾರೂ ಹೇಳುವುದಿಲ್ಲ: ತಪ್ಪು ಮಾಡಿದಾಗ ಓಡಿಹೋಗುವುದು ತುಂಬಾ ಸುಲಭ. ಅಂಕಿ ತಪ್ಪು ಬರೆದಿರಿ, ಓದುಗರು ಬೈದರು. ಹೆಸರನ್ನೇ ಬಿಟ್ಟು ಇನ್ನೊಂದು ಹೆಸರು ಹಿಡಿದರೆ ಮುಗಿಯಿತು ಅಲ್ವಾ? ಹೀಗೆ ನಾಲ್ಕು ಹೆಸರು ದಾಟಿದವರು ನನಗೆ ಗೊತ್ತು. ಹತ್ತು ವರ್ಷವಾದರೂ ಅವರು ಮೊದಲ ವರ್ಷದ ಬರಹಗಾರರೇ.

ಆದ್ದರಿಂದ ನಿಯಮ ಇಷ್ಟು: ಯಾವ ಹೆಸರಲ್ಲಿ ತಪ್ಪಿದಿರೋ ಅದೇ ಹೆಸರಲ್ಲಿ ತಿದ್ದಿ. "ಕಳೆದ ವಾರದ ಲೇಖನದಲ್ಲಿ ಇಸವಿ ತಪ್ಪಾಗಿತ್ತು, ಸರಿಯಾದದ್ದು ಇದು" ಎಂದು ಒಂದೇ ಸಾಲು ಸಾಕು. ಪುಟಗಟ್ಟಲೆ ಸಮಜಾಯಿಷಿ ಬೇಡ. ಇನ್ನೊಂದು ಸುಳ್ಳು ಖಾತೆಯಿಂದ ಬಂದು ನಿಮ್ಮನ್ನು ನೀವೇ ಹೊಗಳಿಕೊಳ್ಳುವುದಂತೂ ಬೇಡವೇ ಬೇಡ.

ಹತ್ತಿರದ ಅಂಗಡಿಯಿಂದ ಒಂದು ಲೆಕ್ಕದ ಪುಸ್ತಕ ತನ್ನಿ. ಪ್ರತಿ ಪುಟದಲ್ಲಿ ಮೂರು ಅಂಕಣ ಎಳೆಯಿರಿ. ಏನಾಯಿತು. ಆಗ ಏನು ಅಂದುಕೊಂಡಿದ್ದೆ. ಮುಂದಿನ ಸಲ ಏನು ಮಾಡುತ್ತೇನೆ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

ಏನಾಯಿತು: ಕಥೆಯಿಂದ ಮೇಲಧಿಕಾರಿಗೆ ಗೊತ್ತಾಯಿತು. ಅಂದುಕೊಂಡದ್ದು: ಹೆಸರು, ಊರು ಬದಲಿಸಿದರೆ ಸಾಕು. ಮುಂದೆ: ಅಚ್ಚಿಗೆ ಕಳಿಸುವ ಮುಂಚೆ ಪಾತ್ರದ ಅಭ್ಯಾಸಗಳ ಪಟ್ಟಿ ಮಾಡಿ, ಒಬ್ಬರಿಗೇ ಸೇರಿದ್ದನ್ನು ತೆಗೆಯುವುದು.

ಏನಾಯಿತು: ಅಂಕಣ ಎರಡು ವಾರ ತಡವಾಯಿತು, ಸಂಪಾದಕರು ಜಾಗ ಬೇರೆಯವರಿಗೆ ಕೊಟ್ಟರು. ಅಂದುಕೊಂಡದ್ದು: ಮಾರ್ಚ್ ತಿಂಗಳಲ್ಲೂ ಶನಿವಾರ ಬಿಡುವಿರುತ್ತದೆ. ಮುಂದೆ: ಫೆಬ್ರವರಿಯಲ್ಲೇ ನಾಲ್ಕು ಅಂಕಣ ಬರೆದಿಡುವುದು.

ನಡುವಿನ ಅಂಕಣವನ್ನು ಜನ ಖಾಲಿ ಬಿಡುತ್ತಾರೆ. ಪಾಠ ಇರುವುದೇ ಅಲ್ಲಿ. ಆಗ ನಿಮ್ಮ ತಲೆಯಲ್ಲಿ ಯಾವ ನಂಬಿಕೆ ಇತ್ತು ಅಂತ ಗೊತ್ತಾಗದಿದ್ದರೆ ಅದೇ ನಂಬಿಕೆ ಬೇರೆ ವೇಷದಲ್ಲಿ ಮತ್ತೆ ಬರುತ್ತದೆ. ಮೂರನೇ ಅಂಕಣದಲ್ಲಿ "ಇನ್ನು ಮೇಲೆ ಹುಷಾರಾಗಿರುತ್ತೇನೆ" ಅಂತ ಬರೆದಿದ್ದರೆ ಹೊಡೆದು ಹಾಕಿ. ಯಾವ ದಿನ, ಯಾವ ಕೆಲಸ ಅಂತ ಇರಬೇಕು. ಆರು ತಿಂಗಳಿಗೊಮ್ಮೆ ಓದಿ. ಒಂದೇ ಮಾತು ಮೂರು ಸಲ ಬಂದಿದ್ದರೆ ಅದು ತಪ್ಪಲ್ಲ, ನಿಮ್ಮ ಸ್ವಭಾವ. ಅದಕ್ಕೆ ತಕ್ಕಂತೆ ಕೆಲಸವನ್ನೇ ಬದಲಿಸಿ. ನನಗೆ ವಾರದ ಅಂಕಣ ಆಗುವುದಿಲ್ಲ ಅಂತ ಹೀಗೇ ಗೊತ್ತಾಯಿತು. ಈಗ ತಿಂಗಳಿಗೊಂದು ಬರೆಯುತ್ತೇನೆ.

8. ಕೆಲಸ ಬಿಡುವ ಯೋಚನೆ ಬಂದಾಗ

ನಾಲ್ಕು ಕಥೆ ಬಂದ ಮೇಲೆ ಬರುವ ಪ್ರಶ್ನೆ: "ಕೆಲಸ ಬಿಟ್ಟುಬಿಡಲಾ?" ಮೊದಲು ಲೆಕ್ಕ ಹಾಕಿ. ಪುಸ್ತಕದ ಬೆಲೆ 200 ರೂಪಾಯಿ, ಅಚ್ಚಾದದ್ದು 1000 ಪ್ರತಿ, ಗೌರವಧನ ಶೇ. 10 ಅನ್ನಿ. ಎಲ್ಲ ಪ್ರತಿ ಖರ್ಚಾದರೆ ಕೈಗೆ 20,000 ರೂಪಾಯಿ. ಎಲ್ಲ ಖರ್ಚಾಗಲು ಎಷ್ಟು ವರ್ಷ ಅನ್ನುವುದನ್ನು ಪ್ರಕಾಶಕರನ್ನೇ ಕೇಳಿ. ಈ ಲೆಕ್ಕದಲ್ಲಿ ಬಾಡಿಗೆ ಕಟ್ಟಲು ಆಗುವುದಿಲ್ಲ.

ಕೆಲಸವನ್ನೇ ಬದಲಿಸಿ ಬರವಣಿಗೆಯ ಹತ್ತಿರ ಹೋಗಬಹುದು: ಅನುವಾದ, ಸಂಪಾದನೆ, ಜಾಹೀರಾತು ಬರಹ, ಕನ್ನಡ ಉಪಶೀರ್ಷಿಕೆ. ಅಲ್ಲಿ ಸಂದರ್ಶನಕ್ಕೆ ಹೋದಾಗ ಕಾವ್ಯನಾಮದ ಬರಹ ತೋರಿಸಬೇಕಾಗುತ್ತದೆ. ಆಗ ಲಕೋಟೆಯಲ್ಲಿಟ್ಟ ಸಂಪಾದಕರ ಇಮೇಲ್ ಕೆಲಸಕ್ಕೆ ಬರುತ್ತದೆ. ಹೊಸ ಕಂಪನಿಗೆ ಹೇಳಿದಿರಿ ಅಂದರೆ ಗುಟ್ಟು ಅಲ್ಲಿಗೆ ಅರ್ಧ ಮುಗಿಯಿತು ಅಂತಲೇ ತಿಳಿಯಿರಿ. ಆದರೆ ಒಂದು ಎಚ್ಚರಿಕೆ. ಹಗಲೆಲ್ಲ ಇನ್ನೊಬ್ಬರಿಗಾಗಿ ಬರೆದು ರಾತ್ರಿ ತಮ್ಮದು ಬರೆಯಲು ಕೈ ಬಾರದವರು ಇದ್ದಾರೆ. ಮೂರು ತಿಂಗಳು ಬಿಡುವಿನ ವೇಳೆಯಲ್ಲಿ ಆ ಕೆಲಸ ಮಾಡಿ ನೋಡಿ, ಆಮೇಲೆ ರಾಜೀನಾಮೆ. ಮೊದಲು ಎರಡನೇ ಹಂತದ ನಿಯಮ ಮತ್ತೆ ಓದಿ.

9. ಗೊತ್ತಾದ ದಿನ

ಒಂದು ದಿನ ಗೊತ್ತಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಆ ದಿನದ ವಾಕ್ಯವನ್ನು ಇವತ್ತೇ ತಯಾರಿಸಿ. "ಅಯ್ಯೋ ನಾನಲ್ಲ" ಅನ್ನಬೇಡಿ. ಆ ಸುಳ್ಳು ನಿಲ್ಲುವುದಿಲ್ಲ, ಆಮೇಲೆ ನಿಮ್ಮ ನಿಜವನ್ನೂ ನಂಬುವುದಿಲ್ಲ. "ಹೌದು ಸರ್, ಬಿಡುವಿನಲ್ಲಿ ಬರೀತೀನಿ. ಆಫೀಸ್ ವಿಷಯ ಬರೆಯಲ್ಲ" ಎಂದು ಹೇಳಿ ನಿಲ್ಲಿಸಿ. ಮೇಲಿನವರು ಬರವಣಿಗೆಯಲ್ಲಿ ಕೇಳಿದರೆ ಆಗ ಅನುಮತಿಯ ಪ್ರಿಂಟ್ ಕೊಡಿ. ಅನುಮತಿ ತೆಗೆದುಕೊಂಡಿಲ್ಲದಿದ್ದರೆ ಅವಸರದಲ್ಲಿ ಏನೂ ಬರೆದುಕೊಡಬೇಡಿ. ಒಂದೆರಡು ದಿನ ಸಮಯ ಕೇಳಿ, ವಕೀಲರಿಗೆ ತೋರಿಸಿ.

ನನ್ನ ವಿಷಯದಲ್ಲಿ ಟೇಬಲಿನ ಮೇಲಿದ್ದ ಆ ಪತ್ರಿಕೆಯನ್ನು ಎತ್ತಿಕೊಂಡು ನಾನೇ ಅವರ ಕೋಣೆಗೆ ಹೋದೆ. ಕ್ಷಮಿಸಿ ಸರ್ ಅಂದೆ. ಅವರು ಫೈಲಿನಿಂದ ತಲೆ ಎತ್ತದೆ, "ಹೆಂಗಸು ಯಾಕಪ್ಪಾ ಮಾಡಿದೆ?" ಅಂದರು.